ಕಿವಿ ಹೊನ್ನಯ್ಯ

ಹಾಸನದಿಂದ ಹೊಳೆನರಸೀಪುರಕ್ಕೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಕಡೆ, ಗುಂಡಯ್ಯನವರ ಲಾರಿ ರಿಪೇರಿ ಶೆಡ್ಡು ಇತ್ತು. ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ, ನಡುವೆ ಆಳೆತ್ತರದ ಒಂದು ಗುಂಡಿ. ಲಾರಿಯನ್ನು ಗುಂಡಿಯ ಮೇಲೆ ತಂದು ನಿಲ್ಲಿಸಿದರೆ ಕೆಳಗೆ ನಿಂತವನಿಗೆ ಅದರ ಹೊಟ್ಟೆಯೆಲ್ಲ ಕಾಣುತ್ತಿತ್ತು. ಆ ಗುಂಡಿಯೊಳಗಿನ ಕೆಲಸ ಹೊನ್ನಯ್ಯನದು.

ಹೊನ್ನಯ್ಯ ಕೊರವಂಗಲದವನು. ಊರಾಚೆಯ ಕೇರಿಯಲ್ಲಿ ಹುಟ್ಟಿ, ಗದ್ದೆ ಕೂಲಿ ಮಾಡಿ ಬೆಳೆದವನು. ಯುದ್ಧದ ಕಾಲದಲ್ಲಿ ಬೆಂಗಳೂರಿನ ಮಿಲಿಟರಿ ಲಾರಿ ಡಿಪೋಗೆ ಕೂಲಿಯಾಗಿ ಸೇರಿದ. ಅಲ್ಲಿ ಲಾರಿ ತೊಳೆಯುತ್ತ ತೊಳೆಯುತ್ತ ಸ್ಪ್ಯಾನರು ಹಿಡಿಯುವುದನ್ನು ಕಲಿತ. ಯುದ್ಧ ಮುಗಿದ ಮೇಲೆ ಹಾಸನಕ್ಕೆ ಬಂದು ಗುಂಡಯ್ಯನವರ ಹತ್ತಿರ ನಿಂತ. ಹತ್ತು ವರ್ಷ ಕಳೆಯುವ ಹೊತ್ತಿಗೆ ಸುತ್ತಲಿನ ನಾಲ್ಕು ತಾಲ್ಲೂಕಿನ ಲಾರಿಯವರೆಲ್ಲ ಅವನನ್ನು ಕಿವಿ ಹೊನ್ನಯ್ಯ ಎಂದೇ ಕರೆಯುತ್ತಿದ್ದರು.

ಲಾರಿಯ ಎಂಜಿನ್ನು ಮುಂದಿರುತ್ತದೆ, ಎಳೆಯುವ ಗಾಲಿಗಳು ಹಿಂದೆ. ಎಂಜಿನ್ನಿನ ಬಲವನ್ನು ಹಿಂದಕ್ಕೆ ಒಯ್ಯುವುದು ಹೊಟ್ಟೆಯಡಿಯಲ್ಲಿ ಉದ್ದಕ್ಕೆ ಮಲಗಿ ಗಿರಗಿರನೆ ತಿರುಗುವ ಉಕ್ಕಿನ ಕೊಳವೆ. ಅದೇ ಶಾಫ್ಟು. ಗಾಲಿಗಳು ಹಳ್ಳದಿಣ್ಣೆಗೆ ಏರಿಳಿಯುವುದರಿಂದ ಶಾಫ್ಟು ನೆಟ್ಟಗೆ ಬಿಗಿದುಕೊಂಡಿದ್ದರೆ ಮುರಿದೇ ಹೋದೀತು. ಅದು ಬಾಗಿ ಬಳುಕಲೆಂದು ಎರಡು ತುದಿಗೂ ಕೀಲು ಕೊಟ್ಟಿರುತ್ತಾರೆ. ಕೀಲಿನೊಳಗೆ, ಲೆಕ್ಕದಲ್ಲಿ ಬರೆಯುವ ಕೂಡುವ ಗುರುತಿನ ಆಕಾರದ ಉಕ್ಕಿನ ತುಂಡೊಂದಿದೆ. ಅದಕ್ಕೆ ಕ್ರಾಸು ಎನ್ನುತ್ತಾರೆ. ಕ್ರಾಸಿನ ನಾಲ್ಕು ತುದಿಗೂ ಒಂದೊಂದು ಬಟ್ಟಲು. ಬಟ್ಟಲೊಳಗೆ ಸೂಜಿಯಂಥ ಸಣ್ಣ ಉರುಳೆಗಳು. ನಾಲ್ಕು ಬಟ್ಟಲಲ್ಲೂ ಗ್ರೀಸು ಇರುವತನಕ ಹತ್ತು ಟನ್ನು ಭಾರವನ್ನೂ ಆ ಅಂಗೈಯಗಲದ ತುಂಡು ಹೊತ್ತುಕೊಂಡು ತಿರುಗುತ್ತದೆ. ಒಂದು ತುದಿ ಒಣಗಿದರೂ ಸಾಕು, ಸೂಜಿಗಳು ತೇದು ಪುಡಿಯಾಗುತ್ತವೆ.

ಈ ಶಾಫ್ಟಿನ ಕಾಯಿಲೆಯನ್ನು ಹೊನ್ನಯ್ಯ ಕಿವಿಯಲ್ಲೇ ಹೇಳುತ್ತಿದ್ದ. ಡ್ರೈವರನ ಪಕ್ಕದಲ್ಲಿ ಕುಳಿತು, ಕಣ್ಣು ಮುಚ್ಚಿ, ಒಂದು ಮೈಲಿ ಹೋಗಿ ಬಂದರೆ ಮುಗಿಯಿತು. ಗೊರಗೊರ ಅಂದರೆ ಶಾಫ್ಟಿನ ನಡುವನ್ನು ಎತ್ತಿ ಹಿಡಿದ ಬೇರಿಂಗು ಕೆಟ್ಟಿದೆ. ವೇಗ ಏರಿದಾಗ ಮೈಯೆಲ್ಲ ನಡುಗುವ ಹಾಗೆ ಗುಂಯ್‌ಗುಟ್ಟಿದರೆ, ಯಾರೋ ಶಾಫ್ಟು ಬಿಚ್ಚಿ ಜೋಡಿಸುವಾಗ ಅದರ ಎರಡು ತುಂಡಿನ ಮೇಲೆ ಕೆತ್ತಿರುವ ಬಾಣದ ಗುರುತುಗಳನ್ನು ಎದುರುಬದುರು ಕೂರಿಸಿಲ್ಲ. ಹೊರಡುವಾಗ ಟಣ್ ಎಂದರೆ ಕ್ರಾಸು ಸವೆದಿದೆ. ನಿಧಾನಕ್ಕೆ ಹೋಗುವಾಗ ಗುಬ್ಬಿಮರಿಯ ಹಾಗೆ ಚೀಂವ್ ಚೀಂವ್ ಅಂದರೆ ಕ್ರಾಸಿನ ತುದಿ ಒಣಗಿದೆ. ಅವನು ಹೇಳಿದ ಮೇಲೆ ಬಿಚ್ಚಿ ನೋಡಿದರೆ ಒಮ್ಮೆಯೂ ಸುಳ್ಳಾದದ್ದಿಲ್ಲ.

ಅರಕಲಗೂಡಿನಿಂದ, ಚನ್ನರಾಯಪಟ್ಟಣದಿಂದ ಲಾರಿ ಮಾಲೀಕರು ಬಂದು, "ಹೊನ್ನಯ್ಯ ಬರ್ಲಿ, ಕಾಯ್ತೀವಿ" ಎಂದು ಅರ್ಧ ದಿನ ಕೂರುತ್ತಿದ್ದರು. ಅವರ ಊರಿಗೆ ಹೋದರೆ ಹೊನ್ನಯ್ಯ ಅವರ ಜಗಲಿ ಹತ್ತುವಂತಿರಲಿಲ್ಲ. ಶೆಡ್ಡಿನೆದುರಿನ ಹೋಟೆಲಿನಲ್ಲಿ ಅವನ ಲೋಟ ಆಗಲೂ ಹೊರಗಿನ ಗೂಡಿನಲ್ಲೇ ಇತ್ತು. ಆದರೆ ಲಾರಿಯೊಳಗೆ ಅದೇ ಮಾಲೀಕರು ಪಕ್ಕಕ್ಕೆ ಸರಿದು ಜಾಗ ಕೊಟ್ಟು, ಅವನ ಬಾಯಿಂದ ಏನು ಬರುತ್ತದೋ ಎಂದು ಉಸಿರು ಹಿಡಿದು ನೋಡುತ್ತಿದ್ದರು. ಆ ಒಂದು ಮೈಲಿಯ ದಾರಿಯಲ್ಲಿ ಹೊನ್ನಯ್ಯ ಯಾರಿಗೂ ಕಡಿಮೆಯಿರಲಿಲ್ಲ.

ಆ ಕಿವಿ ಹೋಗತೊಡಗಿದ್ದು ಯಾವಾಗ ಎಂದು ಅವನಿಗೂ ತಿಳಿಯಲಿಲ್ಲ. ಹದಿನೈದು ವರ್ಷ ಸುತ್ತಿಗೆಯೇಟಿನ ನಡುವೆ, ಗುಂಡಿಯೊಳಗೆ ಮೊಳಗುವ ಎಂಜಿನ್ನಿನ ಕೆಳಗೆ ನಿಂತ ಕಿವಿ. ಮೊದಲು ಹೋದದ್ದು ಸಣ್ಣ ಸದ್ದುಗಳು. ದಪ್ಪ ಸದ್ದು ಮೊದಲಿನಂತೆಯೇ ಕೇಳುತ್ತಿತ್ತು. ಹಾಗಾಗಿ ಮೋಸ ಹೋಗುವುದು ಸುಲಭವಾಯಿತು. ಬೇರಿಂಗಿನ ಗೊರಗೊರ ಕೇಳುತ್ತಿತ್ತಲ್ಲ, ಕಿವಿ ಸರಿಯಾಗೇ ಇದೆ ಎಂದುಕೊಂಡ.

ಗೊತ್ತಾದದ್ದು ಹೆಂಡತಿ ಕೃಷ್ಣಮ್ಮನಿಗೆ. ಬೆನ್ನಹಿಂದೆ ನಿಂತು ಮಾತಾಡಿದರೆ ಗಂಡ ತಿರುಗುವುದಿಲ್ಲ ಎಂಬುದನ್ನು ಅವಳು ಒಂದು ವರ್ಷದಿಂದ ನೋಡುತ್ತಿದ್ದಳು. ಒಂದು ಸಂಜೆ ಕೇಳಿಯೇಬಿಟ್ಟಳು.

"ಬೇಲೀಲಿ ಜೀರುಂಡೆ ಕೂಗ್ತಾ ಅವೆ. ಕೇಳ್ಸ್ತದಾ?"

ಹೊನ್ನಯ್ಯ ಬೇಲಿಯ ಕಡೆ ತಿರುಗಿ ಕಿವಿಗೊಟ್ಟ. "ಇವತ್ತು ಜೀರುಂಡೆ ಇಲ್ಲ ಕಣೇ" ಎಂದ.

"ಅವೆ" ಎಂದಳು ಕೃಷ್ಣಮ್ಮ. "ಕಿವಿ ತೂತಾಗೋ ಅಂಗೆ ಕೂಗ್ತಾ ಅವೆ. ಗುಂಡಯ್ಯೋರ್ಗೆ ಯೋಳ್ಬುಡಿ. ಕಿವಿ ಒಂದೇಯಾ ನಿಮ್ಮತ್ರ ಇರಾದು? ಕೈ ಇಲ್ವಾ?"

ಅವನು ಹೇಳಲಿಲ್ಲ. ಕೈ ಎಲ್ಲರಿಗೂ ಇತ್ತು. ಮಾಲೀಕರು ಅರ್ಧ ದಿನ ಕಾಯುತ್ತಿದ್ದುದು ಅವನ ಕೈಗಾಗಿ ಅಲ್ಲ.

ಹೊನ್ನಯ್ಯನಿಗೆ ಒಬ್ಬಳೇ ತಂಗಿ, ಕಲ್ಲಮ್ಮ. ಅವಳ ಗಂಡ ಮರಿಯಣ್ಣ ಅರಕಲಗೂಡಿನ ಬೋರಪ್ಪ ಎಂಬವರ ಲಾರಿಗೆ ಡ್ರೈವರು. ಅವನಿಗೆ ಸ್ಟೇರಿಂಗು ಹಿಡಿಯಲು ಕಲಿಸಿದವನೂ, ಬೋರಪ್ಪನವರಿಗೆ ಹೇಳಿ ಕೆಲಸಕ್ಕೆ ಹಚ್ಚಿದವನೂ ಹೊನ್ನಯ್ಯನೇ. ಮರಿಯಣ್ಣ ಎತ್ತರದ ಆಳು, ಮೆದು ಮಾತಿನವನು. ಊಟಕ್ಕೆ ಕೂತರೆ ಲಾರಿ ಕತೆ ಬಿಟ್ಟು ಬೇರೆ ಕತೆ ಗೊತ್ತಿರಲಿಲ್ಲ. ಮಗಳು ಚಿಕ್ಕಲಕ್ಷ್ಮಿಗೆ ಆಗ ಹತ್ತು ವರ್ಷ. ಭಾವನೆಂದರೆ ಅವನಿಗೆ ದೇವರ ಸಮ. ರಸ್ತೆಯಲ್ಲಿ ಬೇರೆ ಡ್ರೈವರುಗಳು ಏನಾದರೂ ಅನುಮಾನ ಹೇಳಿದರೆ, "ನಮ್ಮ ಬಾವ ನೋಡವ್ನೆ ಕಣ್ರಲಾ" ಎಂದುಬಿಟ್ಟರೆ ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಐವತ್ತೆಂಟನೆಯ ಇಸವಿಯ ಆಲೂಗೆಡ್ಡೆ ಸುಗ್ಗಿ. ಮಣ್ಣು ಮೆತ್ತಿದ ಮೂಟೆಗಳನ್ನು ಹೊತ್ತು ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದವು. ಒಂದು ದಿನ ಮೂರು ಗಂಟೆಯ ಹೊತ್ತಿಗೆ ಮರಿಯಣ್ಣ ಖಾಲಿ ಲಾರಿಯನ್ನು ಶೆಡ್ಡಿಗೆ ತಂದ. ಬೋರಪ್ಪನವರೂ ಜೊತೆಗಿದ್ದರು. ಶೆಡ್ಡಿನಲ್ಲಿ ಅದಾಗಲೇ ನಾಲ್ಕು ಲಾರಿ ನಿಂತಿದ್ದವು.

"ಬಾವ, ಮುಂದ್ಗಡೆ ಕ್ರಾಸ್ನಾಗೆ ಚೀಂವ್ ಅಂತದೆ" ಎಂದ ಮರಿಯಣ್ಣ. "ನಿನ್ನೆಯಿಂದ. ಮೆತ್ತಗೆ ಓದ್ರೆ ಜಾಸ್ತಿ."

"ನಡಿ, ಕೇಳಾನ" ಎಂದ ಹೊನ್ನಯ್ಯ.

ಬೋರಪ್ಪ, ಗುಂಡಯ್ಯ, ಇನ್ನಿಬ್ಬರು ಮಾಲೀಕರು ಶೆಡ್ಡಿನ ಬಾಗಿಲಲ್ಲಿ ನಿಂತರು. ಹೊನ್ನಯ್ಯ ಎಂದಿನಂತೆ ಮರಿಯಣ್ಣನ ಪಕ್ಕ ಕುಳಿತು ಕಣ್ಣು ಮುಚ್ಚಿದ. ಲಾರಿ ಹೊಳೆನರಸೀಪುರದ ಕಡೆಗೆ ನಿಧಾನಕ್ಕೆ ಹೊರಟಿತು. ಎಂಜಿನ್ನಿನ ಸದ್ದು ಕೇಳಿತು. ಟೈರಿನಡಿ ಜಲ್ಲಿ ಪುಡಿಯಾಗುವುದು ಕೇಳಿತು. ಹಿಂದಿನ ಹಲಗೆಗಳು ಕುಟ್ಟುವುದು ಕೇಳಿತು. ಅಷ್ಟೇ.

"ಈಗ! ಕೇಳ್ತಾ ಬಾವ?"

ಹೊನ್ನಯ್ಯ ಕಣ್ಣು ತೆರೆದು ಮರಿಯಣ್ಣನ ಮುಖ ನೋಡಿದ. ಅವನ ಹುಬ್ಬು ಮೇಲೇರಿತ್ತು. ಒಂದು ಕಿವಿ ನೆಲದ ಕಡೆ ವಾಲಿತ್ತು. ಅವನಿಗೆ ಆ ಸದ್ದು ಸ್ಪಷ್ಟವಾಗಿ ಕೇಳುತ್ತಿದೆ ಎಂಬುದು ಮುಖದಲ್ಲೇ ಗೊತ್ತಾಗುತ್ತಿತ್ತು. ಹೊನ್ನಯ್ಯ ಮತ್ತೆ ಕಣ್ಣು ಮುಚ್ಚಿ ಮೈಯೆಲ್ಲ ಕಿವಿ ಮಾಡಿಕೊಂಡು ಹುಡುಕಿದ. ಅವನಿಗೆ ಏನೂ ಸಿಗಲಿಲ್ಲ.

ಆಗ ಅವನು ಒಂದು ಮಾತು ಹೇಳಬಹುದಿತ್ತು. ನಂಗೆ ಕೇಳ್ಸ್ತಿಲ್ಲ ಕಣ್ಲಾ ಎಂದಿದ್ದರೆ ಮುಗಿಯುತ್ತಿತ್ತು. ಲಾರಿಯಲ್ಲಿದ್ದವರು ಇಬ್ಬರೇ, ಅದೂ ಮನೆಯವರೇ. ಆದರೆ ಶೆಡ್ಡಿನ ಬಾಗಿಲಲ್ಲಿ ನಾಲ್ವರು ಕಾಯುತ್ತಿದ್ದರು. ಲಾರಿ ವಾಪಸು ಬಂದು ನಿಂತಾಗ ಬೋರಪ್ಪ ಕೇಳಿದರು.

"ಏನಂತದೆ ಹೊನ್ನಯ್ಯ?"

"ಶಾಫ್ಟಿಂದಲ್ಲ ಸಾ, ಬಾಡಿ ಹಲಗೆ ಉಜ್ಜೋ ಸದ್ದು" ಎಂದ ಹೊನ್ನಯ್ಯ. "ಒಂದು ಕಿತ ಗ್ರೀಸ್ ಹೊಡ್ದು ಕಳಿಸ್ತೀನಿ, ಯೋಚ್ನೆ ಮಾಡ್ಬ್ಯಾಡಿ."

ಮರಿಯಣ್ಣ ಲಾರಿಯನ್ನು ಗುಂಡಿಯ ಮೇಲೆ ತಂದು ನಿಲ್ಲಿಸಿದ. ಭಾವನೇ ಹೇಳಿದ ಮೇಲೆ ಮತ್ತೇನು?

ಹೊನ್ನಯ್ಯ ಗುಂಡಿಗೆ ಇಳಿದು ಗ್ರೀಸಿನ ಗನ್ನು ಹಚ್ಚಿ ಒತ್ತಿದ. ಇದಕ್ಕೊಂದು ಕ್ರಮವಿದೆ. ಮಿಲಿಟರಿ ಡಿಪೋದಲ್ಲಿ ಮೊದಲ ವಾರವೇ ಕಲಿಸಿದ್ದು. ಹೊಸ ಗ್ರೀಸು ಒಳಗೆ ಹೋದಂತೆ ಹಳೆಯದು ನಾಲ್ಕೂ ಬಟ್ಟಲಿನ ಅಂಚಿನಿಂದ ಹೊರಗೆ ಉಕ್ಕಬೇಕು. ಯಾವ ತುದಿಯಲ್ಲಿ ಉಕ್ಕಲಿಲ್ಲವೋ ಆ ತುದಿಗೆ ಗ್ರೀಸು ಹೋಗಿಲ್ಲ ಎಂದರ್ಥ. ಆಗ ಬಿಚ್ಚಲೇಬೇಕು. ಬಿಚ್ಚುವ ಮೊದಲೂ ಗಾಲಿಗೆ ಕಲ್ಲು ಕೊಟ್ಟು, ಗೇರು ತೆಗೆದು, ಶಾಫ್ಟನ್ನು ಎರಡು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಿಸಿ ನೋಡಿದರೆ ಕೀಲು ಸಡಿಲವಿದ್ದದ್ದು ಕೈಗೇ ತಿಳಿಯುತ್ತದೆ. ಬಟ್ಟಲಿನ ಸುತ್ತ ಕೆಂಪು ತುಕ್ಕಿನ ಪುಡಿ ಕೂತಿದ್ದರೆ ಕಣ್ಣಿಗೇ ಕಾಣುತ್ತದೆ. ಇದಕ್ಕೆಲ್ಲ ಕಿವಿ ಬೇಕಾಗಿಯೇ ಇಲ್ಲ.

ಅವತ್ತು ಮೂರು ತುದಿಯಲ್ಲಿ ಗ್ರೀಸು ಉಕ್ಕಿದ್ದನ್ನು ಅವನು ನೋಡಿದ. ನಾಲ್ಕನೆಯದು ಮೇಲ್ಗಡೆ ಇತ್ತು. ಲಾರಿಯನ್ನು ಒಂದು ಮೊಳ ಮುಂದಕ್ಕೆ ತಳ್ಳಿಸಿದ್ದರೆ ಶಾಫ್ಟು ಅರ್ಧ ಸುತ್ತು ತಿರುಗಿ ಅದೂ ಕಾಣುತ್ತಿತ್ತು. ಅಷ್ಟರಲ್ಲಿ ಮೇಲಿನಿಂದ ಗುಂಡಯ್ಯ, "ಆಯ್ತೇನಯ್ಯಾ? ಇನ್ನೂ ನಾಕು ನಿಂತವೆ" ಎಂದು ಕೂಗಿದರು. ಆ ದಪ್ಪ ದನಿ ಅವನಿಗೆ ಚೆನ್ನಾಗಿಯೇ ಕೇಳಿತು. ಶಾಫ್ಟಿನ ಸದ್ದಲ್ಲ ಎಂದು ತಾನೇ ಹೇಳಿದ ಮೇಲೆ ಮತ್ತೆ ಅಲುಗಿಸಿ ನೋಡುತ್ತ ನಿಂತರೆ ಚೆನ್ನಾಗಿರುವುದಿಲ್ಲ ಎಂದೂ ಅನ್ನಿಸಿತು. ಗನ್ನು ತೆಗೆದು ಮೇಲೆ ಬಂದ.

ಮಾರನೆಯ ದಿನ ಮಧ್ಯಾಹ್ನ ಹೊಳೆನರಸೀಪುರದ ಬಸ್ಸಿನ ಕಂಡಕ್ಟರು ಶೆಡ್ಡಿನ ಮುಂದೆ ಬಸ್ಸು ನಿಲ್ಲಿಸಿ ಇಳಿದು ಬಂದ. ಗುಂಡಯ್ಯನವರ ಹತ್ತಿರ ಏನೋ ಹೇಳಿದ. ಗುಂಡಯ್ಯ ಗುಂಡಿಯ ಅಂಚಿಗೆ ಬಂದು ಬಗ್ಗಿ, "ಮೇಲಕ್ಕೆ ಬಾರಯ್ಯ" ಎಂದರು.

ಅರಕಲಗೂಡಿನಿಂದ ಮೂಟೆ ಹೇರಿಕೊಂಡು ಚನ್ನರಾಯಪಟ್ಟಣಕ್ಕೆ ಹೊರಟಿದ್ದ ಲಾರಿ ಹೊಳೆನರಸೀಪುರ ದಾಟಿ ಮೂರು ಮೈಲಿಯ ಮೇಲೆ ಒಂದು ಏರಿನಲ್ಲಿ ಬಿದ್ದಿತ್ತು. ಹೊನ್ನಯ್ಯ, ಗುಂಡಯ್ಯ ಹೋಗುವ ಹೊತ್ತಿಗೆ ಮರಿಯಣ್ಣನನ್ನು ಹೊಳೆನರಸೀಪುರದ ಆಸ್ಪತ್ರೆಗೆ ಸಾಗಿಸಿದ್ದರು. ಸಾಗಿಸುವಾಗಲೇ ಜೀವ ಇರಲಿಲ್ಲ. ರಸ್ತೆಯ ಪಕ್ಕದ ದಿಬ್ಬಕ್ಕೆ ಬೆನ್ನು ಕೊಟ್ಟು ಲಾರಿ ಮಗ್ಗುಲಾಗಿ ಮಲಗಿತ್ತು. ಆಲೂಗೆಡ್ಡೆ ಇಳಿಜಾರಿನುದ್ದಕ್ಕೂ ಉರುಳಿ ಹೋಗಿತ್ತು.

ಮೂಟೆಯ ಮೇಲೆ ಕೂತಿದ್ದ ಆರು ಜನ ಹಮಾಲರು ಬದುಕಿದ್ದರು. ಅವರಲ್ಲಿ ಹಿರಿಯ ದ್ಯಾವಯ್ಯ ಎಂಬವನು ತಲೆಗೆ ಬಟ್ಟೆ ಕಟ್ಟಿಕೊಂಡು ಮೋರಿಯ ಮೇಲೆ ಕುಳಿತಿದ್ದ.

"ಏರು ಹತ್ತೋವಾಗ ಟಣಾರ್ ಅಂತು" ಎಂದ ದ್ಯಾವಯ್ಯ. "ಆಮೇಲೆ ಕೆಳಗೆ ಯಾರೋ ಹಾರೆಕೋಲಲ್ಲಿ ಚಚ್ಚಿದಂಗೆ. ಲಾರಿ ನಿಂತ್ಕತು. ನಿಂತಿದ್ದು ಹಿಂದ್ಕೆ ಓಗಕ್ಕೆ ಶುರುವಾಯ್ತು. ಮರಿಯಣ್ಣ ತಲೆ ಆಚ್ಗಾಕಿ, ನೆಗೀರ್ಲಾ, ಎಲ್ರೂ ನೆಗೀರ್ಲಾ ಅಂತ ಕೂಗ್ದ. ಹಿಂದ್ಗಡೆ ಎಲ್ಡು ಎತ್ತಿನ ಗಾಡಿ ಬತ್ತಿದ್ವು, ಹೆಂಗಸ್ರು ಮಕ್ಳು ಕೂತಿದ್ರು. ಅವ ನೆಗೆದಿದ್ರೆ ಉಳ್ಕತ್ತಿದ್ದ ಸಾ. ನೆಗೀಲಿಲ್ಲ. ಸ್ಟೇರಿಂಗ್ ತಿರುಗ್ಸಿ ದಿಬ್ಬುಕ್ಕೆ ಕೊಟ್ಟ."

ಹೊನ್ನಯ್ಯ ಅವನ ತುಟಿಗಳನ್ನೇ ನೋಡುತ್ತಿದ್ದ.

"ಹೊಳೆ ಸೇತುವೆ ದಾಟ್ದಾಗ್ಲಿಂದ್ಲೂ ಹಕ್ಕಿ ಅಂಗೆ ಕಿರುಗುಡ್ತಿತ್ತು" ಎಂದು ದ್ಯಾವಯ್ಯ ಮುಂದುವರಿಸಿದ. "ಮ್ಯಾಲೆ ಕೂತಿದ್ದೋರ್ಗೂ ಕೇಳ್ತಿತ್ತು. ನಾನೇ ಯೋಳ್ದೆ, ನಿಲ್ಸಿ ನೋಡ್ಲಾ ಅಂತ. ನಮ್ಮ ಬಾವ ನೆನ್ನೆ ನೋಡವ್ನೆ, ಹಲಗೆ ಸದ್ದು ಅಂದವ್ನೆ, ಅವನ ಕಿವೀಗಿಂತ ನಿನ್ನ ಕಿವಿ ದೊಡ್ಡದಾ ಅಂದ."

ಆ ಭಾವ ತನ್ನೆದುರಿಗೇ ನಿಂತಿದ್ದಾನೆಂದು ದ್ಯಾವಯ್ಯನಿಗೆ ಗೊತ್ತಿರಲಿಲ್ಲ.

ಹೊನ್ನಯ್ಯ ಮಗ್ಗುಲಾದ ಲಾರಿಯ ಹತ್ತಿರ ಹೋದ. ಮುಂದಿನ ಕೀಲು ಮುರಿದು ಶಾಫ್ಟಿನ ತುದಿ ಕೆಳಗೆ ಬಿದ್ದಿತ್ತು. ಬಿದ್ದ ಶಾಫ್ಟು ಇನ್ನೂ ತಿರುಗುತ್ತಿದ್ದ ವೇಗಕ್ಕೆ ಸಿಕ್ಕಿದ್ದನ್ನೆಲ್ಲ ಬಡಿದಿತ್ತು. ಬ್ರೇಕಿನ ಎಣ್ಣೆ ಹೋಗುವ ತಾಮ್ರದ ಕೊಳವೆ ಎರಡು ತುಂಡಾಗಿತ್ತು. ಆ ಲಾರಿಯ ಕೈಬ್ರೇಕು ಶಾಫ್ಟನ್ನೇ ಅದುಮಿ ಹಿಡಿಯುವಂಥದ್ದು. ಶಾಫ್ಟೇ ಕಳಚಿದ ಮೇಲೆ ಮರಿಯಣ್ಣ ಅದನ್ನು ಎಷ್ಟೆಳೆದರೂ ಗಾಲಿಗೆ ಏನೂ ತಟ್ಟುವಂತಿರಲಿಲ್ಲ. ಮೂರು ಬ್ರೇಕುಗಳ ಕೆಲಸವನ್ನು ಒಂದೇ ಕ್ರಾಸು ಕೆಡಿಸಿತ್ತು: ಕಾಲಿನದು, ಕೈಯದು, ಗೇರಿನದು.

ಮುರಿದ ಕ್ರಾಸನ್ನು ಕೈಗೆತ್ತಿಕೊಂಡು ಒರೆಸಿದ. ಮೂರು ತುದಿ ಹೊಳೆಯುತ್ತಿದ್ದವು, ಅವನೇ ಹಾಕಿದ ಗ್ರೀಸು ಇನ್ನೂ ಹಸಿಯಾಗಿತ್ತು. ನಾಲ್ಕನೆಯದು ಸುಟ್ಟು ನೀಲಿಗಟ್ಟಿತ್ತು. ಸೂಜಿಗಳಿದ್ದ ಜಾಗದಲ್ಲಿ ಕುಂಕುಮದಂಥ ಪುಡಿ. ಒಳಗಿನ ಗ್ರೀಸಿನ ದಾರಿಯಲ್ಲಿ ಹಳೆಯ ಗ್ರೀಸು ಗಟ್ಟಿಯಾಗಿ ಬಿರಡೆ ಹಾಕಿದಂತೆ ಕೂತಿತ್ತು. ಇದು ಒಂದು ದಿನದಲ್ಲಿ ಆದದ್ದಲ್ಲ. ನಿನ್ನೆ ಕೈಯಲ್ಲಿ ಅಲುಗಿಸಿದ್ದರೆ ಸಿಕ್ಕೇ ಸಿಗುತ್ತಿತ್ತು. ಹೊನ್ನಯ್ಯ ಅಲ್ಲೇ, ಆಲೂಗೆಡ್ಡೆಗಳ ನಡುವೆ ಕುಳಿತ.

ಯಾರೂ ಅವನನ್ನು ದೂರಲಿಲ್ಲ. ನೋಡಲು ಬಂದ ಇನ್‌ಸ್ಪೆಕ್ಟರು ಮಿತಿಮೀರಿದ ಭಾರ, ಕೆಟ್ಟ ರಸ್ತೆ ಎಂದು ಬರೆದುಕೊಂಡು ಹೋದರು. ಬೋರಪ್ಪ, ತಾನು ಹತ್ತು ಮೂಟೆ ಹೆಚ್ಚಿಗೆ ಹೇರಿಸಿದ್ದು ತಪ್ಪಾಯಿತೆಂದು ಎದೆ ಬಡಿದುಕೊಂಡರು. ಗುಂಡಯ್ಯ, "ಅವನ ಆಯಸ್ಸು ಅಷ್ಟೇ ಕಣಯ್ಯ" ಎಂದರು. ಮರಿಯಣ್ಣನ ಮಣ್ಣಿಗೆ ಆ ಎರಡು ಗಾಡಿಯವರೂ ಬಂದಿದ್ದರು. ಅದರಲ್ಲೊಬ್ಬಳು ಮುದುಕಿ ಕಲ್ಲಮ್ಮನ ಕಾಲು ಹಿಡಿದು ಅತ್ತಳು. ಕಲ್ಲಮ್ಮ ಅಳುತ್ತಿರಲಿಲ್ಲ. ಅಣ್ಣನ ಹೆಗಲಿಗೆ ತಲೆಯಾನಿಸಿ ಕಲ್ಲಿನಂತೆ ಕೂತಿದ್ದಳು. ಆ ತಲೆಯ ಭಾರವನ್ನು ಹೊನ್ನಯ್ಯ ತಡೆದುಕೊಳ್ಳಲಾರದೆ ಹೋದ.

ಹನ್ನೊಂದನೆಯ ದಿನದ ತಿಥಿ ಮುಗಿಸಿ ಹಾಸನಕ್ಕೆ ಬಂದ ಮೇಲೆ ಅವನು ಊಟ ಮುಟ್ಟಲಿಲ್ಲ. ಕೃಷ್ಣಮ್ಮ ಎದುರಿಗೆ ಬಂದು ಕುಳಿತಳು.

"ಅವತ್ತು ನಿಮ್ಗೆ ಕೇಳ್ಸಿರಲಿಲ್ಲ. ಅಲ್ವಾ?"

ಅವನು ಹೌದೆಂದು ತಲೆಯಾಡಿಸಿದ.

"ಯೋಳಾದೂ ಬಿಡಾದೂ ನಿಮ್ಮಿಷ್ಟ. ಆದ್ರೆ ಕಲ್ಲಮ್ಮ ಬಂದು ನನ್ನ ಕೇಳಿದ್ರೆ ನಾನು ಸುಳ್ಳಾಡಕಿಲ್ಲ."

ಮಾರನೆಯ ದಿನ ಬೆಳಗಿನ ಬಸ್ಸಿಗೆ ಹೊನ್ನಯ್ಯ ಅರಕಲಗೂಡಿಗೆ ಹೋದ. ಕಲ್ಲಮ್ಮ ಹಿತ್ತಲಲ್ಲಿ ಗಂಡನ ಖಾಕಿ ಬಟ್ಟೆ ಒಗೆದು ಹರವುತ್ತಿದ್ದಳು. ಇನ್ನು ಯಾರೂ ತೊಡದ ಬಟ್ಟೆ. ಅವನು ಒಗೆಯುವ ಕಲ್ಲಿನ ಮೇಲೆ ಕುಳಿತು, ತಡೆತಡೆದು, ಎಲ್ಲ ಹೇಳಿದ. ಕಿವಿ ಹೋದದ್ದು, ಹೇಳದೆ ಮುಚ್ಚಿಟ್ಟದ್ದು, ಹಲಗೆ ಸದ್ದು ಎಂದದ್ದು, ಮೂರು ತುದಿ ನೋಡಿ ನಾಲ್ಕನೆಯದನ್ನು ಬಿಟ್ಟದ್ದು.

ಕಲ್ಲಮ್ಮ ಒದ್ದೆ ಷರಟನ್ನು ಎದೆಗವಚಿಕೊಂಡು ನಿಂತೇ ಕೇಳಿದಳು. "ನಂಗೆ ಕೇಳ್ಸಾಕಿಲ್ಲ ಅಂದಿದ್ರೆ ನಮ್ಮನೆಯೋರು ನಿನ್ನ ಆಡ್ಕಂಡು ನಗ್ತಿದ್ರಾ ಅಣ್ಣಯ್ಯ?" ಎಂದಳು.

"ಇಲ್ಲ ಕಣವ್ವ."

"ನಾನು ನಗ್ತಿದ್ನಾ?"

"ಇಲ್ಲ."

"ಮತ್ತೆ ಯಾರಿಗೆ ಎದರ್ಕೊಂಡೆ?"

ಲೋಟ ಹೊರಗಿಡುವ ಊರಿನಲ್ಲಿ ಆ ಒಂದು ಮೈಲಿ ಮಾತ್ರ ತನ್ನದಾಗಿತ್ತು ಎಂದು ಹೇಳೋಣವೆಂದುಕೊಂಡ. ಅವಳ ಕೈಯಲ್ಲಿದ್ದ ಷರಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅದನ್ನು ನೋಡಿ ಬಾಯಿ ಮುಚ್ಚಿಕೊಂಡ.

"ಓಗು" ಎಂದಳು ಕಲ್ಲಮ್ಮ. "ಇನ್ ನನ್ನ ಮನೆ ಮೆಟ್ಲು ತುಳೀಬ್ಯಾಡ."

ಹಾಸನಕ್ಕೆ ಮರಳಿದವನೇ ಹೊನ್ನಯ್ಯ ಗುಂಡಯ್ಯನವರ ಮುಂದೆ ನಿಂತು ಎಲ್ಲವನ್ನೂ ಒಪ್ಪಿಕೊಂಡ. ಗುಂಡಯ್ಯ ಬೈದರು. ಅವನನ್ನು ಕೆಲಸದಿಂದ ಬಿಡಿಸಲಿಲ್ಲ. ಆದರೆ ಮಾಲೀಕರ ಪಕ್ಕ ಕೂರುವ ಕೆಲಸ ಅಲ್ಲಿಗೆ ಮುಗಿಯಿತು. ಬೇರೆಯವನು ಬಂದ. ಹೊನ್ನಯ್ಯನಿಗೆ ಉಳಿದದ್ದು ಗುಂಡಿ ಮತ್ತು ಗ್ರೀಸಿನ ಗನ್ನು. ಕಿವಿ ಹೊನ್ನಯ್ಯ ಎಂಬ ಹೆಸರು ಮಾತ್ರ ಹೋಗಲಿಲ್ಲ. ಮೊದಲು ಗೌರವಕ್ಕೆ ಕರೆಯುತ್ತಿದ್ದವರು ಈಗ ನಗುವುದಕ್ಕೆ ಕರೆದರು.

ಅವನು ತಲೆಯೆತ್ತಲಿಲ್ಲ. ಲಾರಿ ಯಾರದೇ ಇರಲಿ, ಗಾಲಿಗೆ ಕಲ್ಲು ಕೊಟ್ಟು, ಶಾಫ್ಟು ಹಿಡಿದು ಅಲುಗಿಸುವನು. ಬಟ್ಟಲಿನ ಸುತ್ತ ಬೆರಳಾಡಿಸಿ ಬೆರಳನ್ನು ಬೆಳಕಿಗೆ ಹಿಡಿಯುವನು, ಕೆಂಪು ಪುಡಿ ಅಂಟಿದೆಯೇ ಎಂದು. ಗ್ರೀಸು ಹೊಡೆದು, ಲಾರಿಯನ್ನು ಮುಂದಕ್ಕೆ ತಳ್ಳಿಸಿ, ನಾಲ್ಕೂ ತುದಿಯಲ್ಲಿ ಉಕ್ಕಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ಮೇಲೆ ಬರುವನು. ಡ್ರೈವರುಗಳು ಹೊತ್ತಾಯಿತೆಂದು ಹಾರನ್ನು ಒತ್ತುತ್ತಿದ್ದರು. ಅವನಿಗೆ ಹಾರನ್ನೂ ಕೇಳದ ಕಾಲ ಬಂದಿತ್ತು. ಎರಡು ವರ್ಷದಲ್ಲಿ ದಪ್ಪ ಸದ್ದುಗಳೂ ಒಂದೊಂದಾಗಿ ಹೋದವು. ಎದುರಿಗೆ ನಿಂತು, ತುಟಿ ಕಾಣುವಂತೆ ಜೋರಾಗಿ ಆಡಿದ ಮಾತು ಮಾತ್ರ ತಿಳಿಯುತ್ತಿತ್ತು.

ಕಲ್ಲಮ್ಮ ಮಗಳನ್ನು ಕರೆದುಕೊಂಡು ಚನ್ನರಾಯಪಟ್ಟಣಕ್ಕೆ ಹೋದಳು. ಅಲ್ಲಿ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ನೀರು ಸೇದುವ, ಅಕ್ಕಿ ಆರಿಸುವ ಕೆಲಸ ಸಿಕ್ಕಿತು. ಹಬ್ಬಕ್ಕೆ ಹೊನ್ನಯ್ಯ ಕಳಿಸಿದ ಸೀರೆ ಮೂರು ವರ್ಷವೂ ತಿರುಗಿ ಬಂತು. ಮಡಿಕೆ ಕೂಡ ಬಿಚ್ಚಿರುತ್ತಿರಲಿಲ್ಲ.

ಅರವತ್ತೊಂದನೆಯ ಇಸವಿಯ ಬೇಸಗೆಯಲ್ಲಿ ಒಂದು ಬೆಳಗ್ಗೆ, ಚನ್ನರಾಯಪಟ್ಟಣದ ಕಡೆಯ ಲಾರಿ ಡ್ರೈವರೊಬ್ಬ ಗುಂಡಿಯೊಳಕ್ಕೇ ಇಳಿದು ಹೊನ್ನಯ್ಯನ ಮುಖದೆದುರು ನಿಂತು ಕೂಗಿ ಹೇಳಿದ. "ನಿನ್ನ ತಂಗಿ ಯೋಳಿ ಕಳ್ಸವ್ಳೆ. ಹುಡ್ಗಿ ದೊಡ್ಡೋಳಾದ್ಲಂತೆ. ಗುಡ್ಲು ಹಾಕಕ್ಕೆ ಬರ್ಬೇಕಂತೆ."

ಹುಡುಗಿ ಮೈನೆರೆದಾಗ ಹಸಿ ಗರಿಯ ಗುಡ್ಲು ಹಾಕುವವನು ಸೋದರಮಾವ. ಅದನ್ನು ಬೇರೆಯವರು ಹಾಕುವಂತಿಲ್ಲ. ಹೊನ್ನಯ್ಯ ಕೈ ತೊಳೆಯದೆ ಮನೆಗೆ ಓಡಿದ. ಕೃಷ್ಣಮ್ಮ ಸೋದರಸೊಸೆಗೆಂದು ಎತ್ತಿಟ್ಟಿದ್ದ ಹಸಿರು ಸೀರೆ ತೆಗೆದುಕೊಂಡಳು. ಇಬ್ಬರೂ ಮಧ್ಯಾಹ್ನದ ಹೊತ್ತಿಗೆ ಚನ್ನರಾಯಪಟ್ಟಣ ಮುಟ್ಟಿದರು.

ಕಲ್ಲಮ್ಮ ಬಾಗಿಲಿಗೆ ಬಂದಳು. ಅತ್ತಿಗೆಯ ಕೈ ಹಿಡಿದು ಒಳಗೆ ಕರೆದುಕೊಂಡಳು. ಅಣ್ಣನಿಗೆ ಕಾಲಿಗೆ ನೀರು ಕೊಟ್ಟಳು, ಮುಖ ನೋಡಲಿಲ್ಲ. ಮನೆಯ ಪಕ್ಕದ ಖಾಲಿ ಜಾಗದಲ್ಲಿ ತೆಂಗಿನ ಗರಿ, ಅತ್ತಿ ಸೊಪ್ಪು ತಂದು ಹಾಕಿದ್ದರು. ಹೊನ್ನಯ್ಯ ನಾಲ್ಕು ಗೂಟ ನೆಟ್ಟು ಗರಿ ಹೆಣೆಯತೊಡಗಿದ. ಹದಿಮೂರರ ಚಿಕ್ಕಲಕ್ಷ್ಮಿ ಗೋಡೆಯ ಮೂಲೆಯಲ್ಲಿ ಚಾಪೆಯ ಮೇಲೆ ಕುಳಿತಿದ್ದಳು. ಅಪ್ಪನ ಎತ್ತರ, ಅಪ್ಪನ ಹುಬ್ಬು. ಹೊನ್ನಯ್ಯ ಅವಳ ಕಡೆ ನೋಡದೆ ಕೆಲಸ ಮಾಡಿದ.

ಅವನ ಬೆನ್ನಹಿಂದೆ ಕಲ್ಲಮ್ಮ ಬಂದು ನಿಂತು ಏನೋ ಹೇಳಿದಳು. ಅವನು ಗರಿ ಕಟ್ಟುತ್ತಲೇ ಇದ್ದ. ಅವಳು ಮತ್ತೆ ಹೇಳಿದಳು. ಮೂರನೆಯ ಸಲ ಅವಳ ದನಿಯಲ್ಲಿ ಸಿಟ್ಟಿತ್ತು.

"ಅವ್ವ, ಮಾವುನ್ಗೆ ಕೇಳ್ಸಾಕಿಲ್ಲ" ಎಂದಳು ಚಿಕ್ಕಲಕ್ಷ್ಮಿ ಮೂಲೆಯಿಂದ.

ಇಷ್ಟಾಗಿದೆಯೆಂದು ಕಲ್ಲಮ್ಮ ಎಣಿಸಿರಲಿಲ್ಲ. ಸುತ್ತಿ ಬಂದು ಅಣ್ಣನ ಎದುರಿಗೆ ನಿಂತಳು. ಮೂರು ವರ್ಷದಲ್ಲಿ ಅವನ ತಲೆ ಪೂರಾ ಬೆಳ್ಳಗಾಗಿತ್ತು. ಅವಳು ತುಟಿ ಅಗಲಿಸಿ, ನಿಧಾನವಾಗಿ, "ಬಾಗ್ಲು ಮೂಡ್ಲಿಗೆ ಇರ್ಲಿ ಅಂದೆ" ಎಂದಳು.

"ಊಂ ಕಣವ್ವ" ಎಂದು ಅವನು ಪಡುವಣದ ಕಡೆ ಕಟ್ಟಿದ್ದನ್ನು ಬಿಚ್ಚಿ ಮೂಡಲಿಗೆ ತಿರುಗಿಸಿದ.

ಗುಡ್ಲು ಮುಗಿಯಿತು. ಹುಡುಗಿಯನ್ನು ಒಳಗೆ ಕೂರಿಸಿ ಹಸಿರು ಸೀರೆ ಉಡಿಸಿ ಆರತಿ ಮಾಡಿದರು. ಎಲ್ಲರ ಊಟವಾದ ಮೇಲೆ ಕಲ್ಲಮ್ಮ ಅಣ್ಣನಿಗೆ ಎಲೆ ಹಾಕಿ, ಬಡಿಸಿ, ಎದುರಿಗೇ ಕುಳಿತಳು. ಅವನು ಎರಡು ತುತ್ತು ತಿಂದಿರಲಿಲ್ಲ.

"ಅಣ್ಣಯ್ಯ" ಎಂದಳು, ಅವನ ಕೈ ತಟ್ಟಿ. "ನಾನು ಮರ್ತಿಲ್ಲ."

"ಮರೀಬ್ಯಾಡ."

"ಒಂದು ಕೇಳ್ತೀನಿ, ನಿಜ ಯೋಳು. ಅವತ್ತು ನಿನ್ನಿಂದ ಹೊರಟೋರು ಮನೀಗೆ ಬರ್ಲಿಲ್ಲ. ಅಂಗೇ ಮೂಟೆ ಹೇರಕ್ಕೆ ಓದ್ರು, ರಾತ್ರೆ ಲಾರೀಲೇ ಮಲಗವ್ರೆ. ನಮ್ಮೋರ ಪೈಕಿ ಅವ್ರು ಕೊನೇಗೆ ಮಾತಾಡಿದ್ದು ನಿನ್ನ ಜೊತೆ. ಏನಂದ್ರು? ನನ್ನ ಬಗ್ಗೆ ಏನಾರ ಅಂದ್ರಾ? ಹುಡ್ಗಿ ಬಗ್ಗೆ?"

ಈ ಪ್ರಶ್ನೆಗೆ ಒಳ್ಳೆಯ ಉತ್ತರ ಕಟ್ಟಿಕೊಡುವುದು ಕಷ್ಟವಿರಲಿಲ್ಲ. ಅವಳು ಅದನ್ನು ಜೀವಮಾನ ಪೂರ್ತಿ ಇಟ್ಟುಕೊಳ್ಳುತ್ತಿದ್ದಳು.

"ಲಾರಿ ಹತ್ತಿ, ತಲೆ ಆಚ್ಗಾಕಿ ಏನೋ ಅಂದ ಕಣವ್ವ" ಎಂದ. "ನಗ್ತಾ ಅಂದ. ಎಂಜಿನ್ನು ಸುರುವಾಗಿತ್ತು. ನಂಗೆ ಕೇಳ್ಸ್ಲಿಲ್ಲ. ಕೇಳ್ದೋನಂಗೆ ಊಂ ಊಂ ಅಂತ ಕೈ ಬೀಸ್ದೆ."

ಕಲ್ಲಮ್ಮ ಅವನನ್ನೇ ನೋಡುತ್ತಿದ್ದಳು.

"ದಿನಾ ನೆಪ್ಪು ಮಾಡ್ಕತೀನಿ" ಎಂದ ಹೊನ್ನಯ್ಯ. "ಅವನ ತುಟಿ ಹೆಂಗೆ ಆಡ್ತು ಅಂತ. ಈಗ ನಂಗೆ ತುಟಿ ನೋಡಿ ತಿಳ್ಕಳಾದು ಬತ್ತದೆ. ಆಗ ಬತ್ತಿರ್ಲಿಲ್ಲ. ಎಷ್ಟು ನೆಪ್ಪು ಮಾಡ್ಕಂಡ್ರೂ ಏನಂದ ಅಂತ ಗೊತ್ತಾಗಾಕಿಲ್ಲ."

ಅವಳು ಸೆರಗನ್ನು ಬಾಯಿಗೊತ್ತಿಕೊಂಡಳು. ಮಣ್ಣಿನ ದಿನವೂ ಅಳದಿದ್ದವಳು ಅತ್ತಳು. ಗುಡ್ಲಿನೊಳಗಿಂದ ಹುಡುಗಿ "ಅವ್ವ, ಅವ್ವ" ಎಂದು ಕೂಗಿದಳು. ಕೃಷ್ಣಮ್ಮ ಓಡಿ ಬಂದಳು. ಹೊನ್ನಯ್ಯನಿಗೆ ಕೂಗೂ ಕೇಳಲಿಲ್ಲ, ಅಳುವೂ ಕೇಳಲಿಲ್ಲ. ತಂಗಿಯ ಭುಜಗಳು ಅಲುಗುವುದನ್ನು ನೋಡುತ್ತ ಎಂಜಲು ಕೈಯಲ್ಲೇ ಕುಳಿತಿದ್ದ.

ಸ್ವಲ್ಪ ಹೊತ್ತಿನ ಮೇಲೆ ಕಲ್ಲಮ್ಮ ಕಣ್ಣೊರೆಸಿಕೊಂಡು, ತಟ್ಟೆಯಲ್ಲಿದ್ದ ಇನ್ನೊಂದು ಮುದ್ದೆಯನ್ನು ಅವನ ಎಲೆಗಿಟ್ಟು, ಸಾರು ಬಿಟ್ಟಳು.

"ಉಣ್ಣು" ಎಂದಳು. "ಐದು ಗಂಟೆಗೆ ಬಸ್ಸದೆ."